ಅಮ್ಮ ಹೊರಗೆ ಕೂತಿದ್ದ ಸಭೆ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಮೊಂಡಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಎರಡು ಪತ್ರ ಬಂದು ಕೂತಿವೆ, ನನ್ನದು ಒಂದೂ ಹೋಗಿಲ್ಲ. ತಪ್ಪು ನನ್ನದೇ. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ ಎಂದು ಬರೆದರೆ ನೀನು ನಂಬುವವಳಲ್ಲ. ನಿಜವೆಂದರೆ ಬರೆಯಲು ಕೂತಾಗಲೆಲ್ಲ ಏನೂ ತೋಚದೆ ಎದ್ದುಬಿಡುತ್ತಿದ್ದೆ. ಇದನ್ನು ನಿಮ್ಮ ಶಿಬಿರಕ್ಕೆ ಬರುತ್ತಿರುವ ಹೊಸ ಡಾಕ್ಟರಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ದಾರಿಯಲ್ಲಿ ಯಾರೂ ಒಡೆದು ಓದುವುದಿಲ್ಲ, ಹಾಗಾಗಿ ಮನಸ್ಸು ಬಿಚ್ಚಿ ಬರೆಯಬಹುದು.

ಅಪ್ಪ ಚೆನ್ನಾಗಿದ್ದಾರೆ. ಕನ್ನಡಕದ ಅಂಗಡಿಗೆ ಬಂದವರಿಗೆಲ್ಲ ನಿನ್ನದೇ ಕಥೆ. ಕಣ್ಣಿಗೆ ಯಂತ್ರ ಒತ್ತಿ ಕೂರಿಸಿದ ಮೇಲೆ ಪಾಪ ಅವರು ಎದ್ದುಹೋಗುವ ಹಾಗೂ ಇಲ್ಲ. "ಮಗಳು ನೆಲಬಾಂಬು ತೆಗೀತಾಳೆ, ಹೆಂಡ್ತಿ ಫೈಲಲ್ಲಿ ಯುದ್ಧ ಮಾಡ್ತಾಳೆ, ಆ ಮನೇಲಿ ನಾಗರಿಕ ಅಂತ ಇರೋನು ನಾನೊಬ್ಬನೇ" ಅನ್ನುವುದು ಅವರ ಹೊಸ ತಮಾಷೆ. ನಮ್ಮ ಕಟ್ಟಡದ ಲಿಫ್ಟು ಮತ್ತೆ ಕೆಟ್ಟಿದೆ. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ನನಗೆ ಏದುಸಿರು ಬರುತ್ತದೆ, ಅಪ್ಪನಿಗೆ ಬೈಗುಳ ಬರುತ್ತದೆ.

"ಅಮ್ಮ, ಇದು ನಮ್ಮ ಜಗಳ ಅಲ್ವಲ್ಲ, ನಾವ್ಯಾಕೆ ಇಲ್ಲಿದ್ದೀವಿ?" ಎಂದು ಕೇಳಿದ್ದೀಯ. ಕಚೇರಿಯ ಭಾಷೆಯಲ್ಲಿ ಇದಕ್ಕೆ ನಲವತ್ತು ಪುಟದ ಉತ್ತರವಿದೆ. ಅದನ್ನು ಬರೆದವಳೂ ನಾನೇ, ಓದಬೇಡ. ಮನೆಯ ಭಾಷೆಯಲ್ಲಿ ಹೇಳುತ್ತೇನೆ. ನಮ್ಮ ದೇಶ ದೊಡ್ಡ ಸಂಸಾರದ ನಡುವಿನ ಮಗನ ಹಾಗೆ. ದೊಡ್ಡವನ ಮಾತಿಗೆ ಎಲ್ಲರೂ ಹೆದರುತ್ತಾರೆ, ಚಿಕ್ಕವನು ಅತ್ತರೆ ಎಲ್ಲರೂ ಎತ್ತಿಕೊಳ್ಳುತ್ತಾರೆ, ನಡುವಿನವನು ಏನಾದರೂ ಕೆಲಸಕ್ಕೆ ಬಂದರೆ ಮಾತ್ರ ಅವನ ನೆನಪು. ಒಂದು ದೊಡ್ಡ ದೇಶ ನಮಗೆ ಕ್ಷಿಪಣಿ ಕೊಡುತ್ತೇನೆ, ನನ್ನ ಪಕ್ಷಕ್ಕೆ ಬನ್ನಿ ಅನ್ನುತ್ತದೆ. ಇನ್ನೊಂದು, ಹೋದರೆ ಎಣ್ಣೆ ನಿಲ್ಲಿಸುತ್ತೇನೆ ಅನ್ನುತ್ತದೆ. ನಮ್ಮ ವಿಮಾನಗಳು ನಮ್ಮ ಗಡಿ ಕಾಯಲು ಸಾಕು, ಬೇರೆಯವರ ಯುದ್ಧ ಗೆಲ್ಲಿಸಲು ಸಾಲವು. ಉಳಿದಿರುವುದು ನೀವು. ಹೊಲದಿಂದ, ರಸ್ತೆಯಿಂದ ಬಾಂಬು ಕಿತ್ತು ಕೊಡುವ ಕೈಗಳು. ಯುದ್ಧ ಮಾಡುತ್ತಿರುವ ಎರಡೂ ಕಡೆಯವರು ನಂಬುವುದು ಆ ಕೈಗಳನ್ನು ಮಾತ್ರ. ಅವರು ಸಂಧಾನದ ಮಾತುಕತೆಗೆಂದು ನಮ್ಮ ಊರಿಗೆ ಬಂದು ಒಂದೇ ಮೇಜಿನ ಮುಂದೆ ಮುಖ ಗಂಟಿಕ್ಕಿಕೊಂಡಾದರೂ ಕೂತಿರುವುದು ಅದೇ ನಂಬಿಕೆಯಿಂದ.

ಆದರೆ ನಿಮ್ಮ ವಾಹನ ನಿಲ್ಲಿಸುವ ಶೆಡ್ಡಿನ ಮೇಲೆ ಡ್ರೋನ್ ಬಿದ್ದ ಮೇಲೆ ಎಲ್ಲ ಅಲುಗಾಡಿತು. ನಿಮ್ಮ ಡ್ರೈವರಣ್ಣನ ಬೆರಳುಗಳು ಹೋದವೆಂದು ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಡ್ರೋನ್ ಕಳಿಸಿದ್ದು ಯಾರೆಂದರೆ ಅವರು ಇವರ ಕಡೆ, ಇವರು ಅವರ ಕಡೆ ಬೊಟ್ಟು ಮಾಡುತ್ತಾರೆ. ನಿಮ್ಮನ್ನು ವಾಪಸ್ ಕರೆಸಬೇಕೋ ಬೇಡವೋ ಎಂದು ಕಳೆದ ಗುರುವಾರ ರಕ್ಷಣಾ ಇಲಾಖೆಯ ನಮ್ಮ ಸಮಿತಿ ಸಭೆ ಸೇರಿತು.

ನಮ್ಮಲ್ಲಿ ಡ್ರೋನುಗಳ ಲೆಕ್ಕಾಚಾರ ನೋಡುವ ಒಬ್ಬ ಹುಡುಗಿ ಇದ್ದಾಳೆ, ನಿನ್ನದೇ ವಯಸ್ಸು. ಅವಳು ಎದ್ದು ನಿಂತು, "ಮೊದಲಾದ್ರೆ ಯುದ್ಧ ಮುಂದೆ ಇರೋದು, ಆಸ್ಪತ್ರೆ ಹಿಂದೆ ಇರೋದು. ಈಗ ಹಿಂದೆ ಅನ್ನೋ ಜಾಗಾನೇ ಇಲ್ಲ ಸರ್. ಸ್ಕೂಟರ್ ಬೆಲೆಯ ಯಂತ್ರ ಎಲ್ಲಿ ಬೇಕಾದ್ರೂ ಬೀಳುತ್ತೆ. ಕರೆಸಿಬಿಡಿ" ಅಂದಳು. ವಿದೇಶಾಂಗದವರು ಒಪ್ಪಲಿಲ್ಲ. "ಇವತ್ತು ಅವರನ್ನ ಕರೆಸಿದ್ರೆ ನಾಳೆ ಮಾತುಕತೆನೂ ಎದ್ದುಹೋಗುತ್ತೆ. ಆಮೇಲೆ ನಮ್ಮನ್ನ ಯಾರು ಕೇಳ್ತಾರೆ?" ಎಂದರು. ಸೆಕೆಯಲ್ಲೂ ಮಫ್ಲರ್ ಬಿಚ್ಚದ ನಮ್ಮ ಹಳೆಯ ಜನರಲ್ ಯಾವತ್ತಿನಂತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆಯೋ ಯೋಚನೆಯೋ ಅನ್ನುವುದು ಅವರ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ.

ನಮ್ಮ ಸಮಿತಿಯಲ್ಲೊಂದು ನಿಯಮ ಇದೆ. ಯಾರ ಮಗನೋ ಮಗಳೋ ಗಂಡನೋ ಆ ನೆಲದಲ್ಲಿ ಇದ್ದಾರೋ ಅವರು ಮತದ ಹೊತ್ತಿಗೆ ಎದ್ದು ಹೊರಗೆ ಹೋಗಬೇಕು. ಎಷ್ಟೋ ಜನ ಹಾಗೆ ಎದ್ದುಹೋಗಿದ್ದನ್ನು ನೋಡಿದ್ದೆ. ನನ್ನ ಸರದಿ ಬಂದಾಗ ನಾನೂ ಎದ್ದೆ. ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಟೀ ತರುವವನು ನನ್ನ ಮುಖ ನೋಡಿ ಲೋಟ ಪಕ್ಕದಲ್ಲಿಟ್ಟು ಹೋದ. ಅದು ಆರಿ ಕೆನೆ ಕಟ್ಟಿದ ಮೇಲೆ ಬಾಗಿಲು ತೆರೆಯಿತು. ತಂಡ ಬೇಸಿಗೆ ಮುಗಿಯುವವರೆಗೂ ಅಲ್ಲೇ ಇರಬೇಕು ಎಂದಾಗಿತ್ತು.

ಇದರಲ್ಲಿ ನನ್ನ ಕೈ ಏನೂ ಇಲ್ಲ ಮಗಳೇ. ಮನೆಗೆ ಬಂದು ಅಪ್ಪನಿಗೂ ಅದನ್ನೇ ಹೇಳಿದೆ. "ನೀನು ಒಳಗಿದ್ದಿದ್ರೆ ಬಿಡ್ತಿರಲಿಲ್ಲ ಬಿಡು" ಎಂದು ಸಮಾಧಾನ ಮಾಡಿ, ತಾವೇ ಹಾಸಿಗೆ ಹಾಸಿದರು. ಯಾವತ್ತೂ ಮಾಡದ ಕೆಲಸ.

ಶಿರಸ್ತ್ರಾಣದ ಪಟ್ಟಿ ಕತ್ತಿಗೆ ಉಜ್ಜುತ್ತದೆ ಎಂದು ಸಡಿಲ ಬಿಡಬೇಡ. ಡಾಕ್ಟರಮ್ಮನ ಹತ್ತಿರ ಮೆತ್ತನೆ ಬಟ್ಟೆ ಕಳಿಸಿದ್ದೇನೆ, ಪಟ್ಟಿಗೆ ಸುತ್ತಿಕೋ. ಡ್ರೈವರಣ್ಣನನ್ನು ಆಸ್ಪತ್ರೆಯಲ್ಲಿ ನೋಡಿಕೊಂಡು ಬಾ, ನಮ್ಮ ಪರವಾಗಿಯೂ. ನೆಲ ನೋಡಿ ನಡೆ. ನೂರು ವರ್ಷ ಸುಖವಾಗಿ ಬಾಳು.

ಇಂತಿ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದೆ. ಮೇಲೆ ನನ್ನ ಕೈ ಇಲ್ಲ ಎಂದು ಬರೆದದ್ದು ಸುಳ್ಳು. ತಂಡ ಅಲ್ಲೇ ಇರಲಿ ಎಂದು ಸಭೆಯ ಮುಂದಿದ್ದ ಶಿಫಾರಸು ನನ್ನದು. ಡ್ರೋನ್ ಬೀಳುವ ಮೊದಲು ಬರೆದದ್ದು. ನಾನು ಎದ್ದು ಹೊರಟಾಗ ಜನರಲ್ ಕಣ್ಣು ತೆರೆದು ಮೆಲ್ಲಗೆ, "ಅಮ್ಮಾ, ನಿಮ್ಮ ಶಿಫಾರಸು ಹಿಂದಕ್ಕೆ ತಗೊಳ್ಳಿ. ಅದೊಂದು ಇಲ್ದಿದ್ರೆ ಹೆಚ್ಚಿನವರು ಕರೆಸೋಣ ಅಂತಾರೆ. ಯಾರೂ ನಿಮ್ಮನ್ನ ಏನೂ ಅನ್ನಲ್ಲ" ಅಂದರು. ನಾನು, "ಇರಲಿ ಸರ್" ಎಂದು ಹೊರಗೆ ಬಂದೆ. ಅಷ್ಟೇ ಮಾತು. ಆಸ್ಪತ್ರೆಯ ರಸ್ತೆಯಲ್ಲಿ ಬಾಂಬು ತೆಗೆಯುವುದು ಇನ್ನೂ ಅರ್ಧ ಬಾಕಿ ಇದೆ ಎಂದು ನೀನೇ ಬರೆದಿದ್ದೆ. ನಾನು ಮಾಡಿದ್ದು ಸರಿ ಎಂದು ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ನನ್ನನ್ನು ಸುಡುತ್ತಿರುವುದು ಅದೇ. ತಪ್ಪೆಂದಾದರೂ ಅನ್ನಿಸಿದ್ದರೆ ಅತ್ತು ಹಗುರಾಗುತ್ತಿದ್ದೆ. ಅಪ್ಪನಿಗೆ ಹೇಳುವ ಧೈರ್ಯ ಬಂದಿಲ್ಲ. ನಿನ್ನ ಕೋಪವನ್ನು ಪತ್ರದಲ್ಲಿ ಬರೆದು ಮುಗಿಸಬೇಡ. ಬಂದು, ಎದುರಿಗೆ ನಿಂತು ಬೈ.