ಬಾಗಿಲಲ್ಲೇ ನಿಂತು ಕಲಿತದ್ದು

ಅಪ್ಪಾ,

ನೀವು ಹೋಗಿ ಎರಡು ವರ್ಷವಾದ್ರೂ ನಮ್ಮ ಜಗಳ ಮುಗಿದಿಲ್ಲ. "ಬಂದೂಕು ರಿಪೇರಿ ಹೆಣ್ಣುಮಕ್ಕಳ ಕೈಗೆ ಹತ್ತಲ್ಲ" ಅಂತಿದ್ರಲ್ಲ, ಕೇಳಿ.

ಇವತ್ತು ಪರ್ತ್‌ನ ನಮ್ಮ ಶೂಟಿಂಗ್ ಕ್ಲಬ್‌ನಲ್ಲಿ ಸ್ಪರ್ಧೆ ಇತ್ತು. ಸಣ್ಣ ಗುಂಡು ಹಾರಿಸೋಕೆ ನನ್ನ ಪಿಸ್ತೂಲಿಗೆ ಬೇರೆ ನಳಿಗೆ, ಬಿಡಿಭಾಗ ಇರೋ ಹೊಸ ಕಿಟ್ ಹಾಕಿಸಿದ್ದೆ. ಅಭ್ಯಾಸದಲ್ಲೇ ಗುಂಡು ಮತ್ತೆ ಮತ್ತೆ ಸಿಕ್ಕಿಹಾಕಿಕೊಳ್ತಿತ್ತು.

"ನಾನು ನೋಡ್ಲೇನಮ್ಮ?" ಅಂದ್ರು ಪಕ್ಕದಲ್ಲಿದ್ದ ಚಾಮರಾಜ ಅಂಕಲ್.

"ಬೇಡ ಅಂಕಲ್, ನಾನೇ ಮಾಡ್ಕೋತೀನಿ."

ಪಿಸ್ತೂಲು ಒರೆಸಿದೆ, ಬೇರೆ ಕಂಪನಿ ಗುಂಡು ಹಾಕಿದೆ, ಸರಿಹೋಗ್ಲಿಲ್ಲ. ಕೊನೆಗೆ ಗುಂಡು ತುಂಬೋ ಮ್ಯಾಗಜೀನನ್ನೇ ಬದಲಿಸಿದೆ. ಆಮೇಲೆ ಒಂದು ಗುಂಡೂ ಸಿಕ್ಕಿಹಾಕಿಕೊಳ್ಳಲಿಲ್ಲ. ಮೊದಲಿನ ಮ್ಯಾಗಜೀನಿನ ಬಾಯಿಯ ಅಂಚು ಬಾಗಿತ್ತು, ಅಷ್ಟೇ. ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಬಂತು.

"ಯಾರು ಕಲಿಸಿದ್ರು?" ಅಂದ್ರು ಅಂಕಲ್.

"ಯಾರೂ ಇಲ್ಲ" ಅಂದೆ.

ಸುಳ್ಳಲ್ಲ ಅದು. ನಿಮ್ಮ ರಿಪೇರಿ ಅಂಗಡಿ ಬಾಗಿಲಲ್ಲಿ ನಿಂತು ನೋಡಿ ಕಲಿತೆ. ಒಳಗೆ ಬಾ ಅಂತ ನೀವು ಒಂದು ದಿನಾನೂ ಕರೀಲಿಲ್ಲ.

ವನಜಾ