ಅಣ್ಣನ ಹೆಸರಿನ ರುಜು

ಅತ್ತಿಗೆಮ್ಮ,

ನೀವು ತೀರಿಹೋಗಿ ವರ್ಷ ತುಂಬಿತು. ಓದು ಬಾರದ ನಿಮಗೆ ಈಗ ಕಾಗದ ಬರೆಯುತ್ತಿದ್ದೇನೆ, ನೀವಿದ್ದಿದ್ದರೆ ನಮ್ಮ ಮನೆ ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದು ನಗುತ್ತಿದ್ದಿರಿ. ಕೆಟ್ಟಿರುವುದು ನಿಜವೇ. ಒಂಬತ್ತು ವರ್ಷ ನೀವು ಬಡಿಸಿದ ಅನ್ನ ಉಂಡೆ, ಹೇಳಬೇಕಾದ ಒಂದು ಮಾತು ಹೇಳಲಿಲ್ಲ. ಅದನ್ನು ಹೇಳಲು ಕೂತಿದ್ದೇನೆ.

ಆಣೆ ಹೋಗಿ ನಯಾಪೈಸೆ ಬಂದ ವರ್ಷ. ಕಟಾವಾದ ಹಿಪ್ಪುನೇರಳೆ ತೋಟದಲ್ಲಿ ಮೋಟು ಕಡ್ಡಿ ನಿಮ್ಮ ಅಂಗಾಲಿಗೆ ಹೊಕ್ಕಿತು. ನೀವು ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡಿರಿ. ನಾನು ಶಿಡ್ಲಘಟ್ಟದಿಂದ ಟಿಂಚರ್ ತಂದರೆ ನನ್ನನ್ನೂ ಸೀಸೆಯನ್ನೂ ಒಟ್ಟಿಗೆ ಬೀದಿಗೆ ಅಟ್ಟಿದಿರಿ. ಆ ವಾಸನೆಗೆ ರೇಷ್ಮೆಹುಳು ಸೊಪ್ಪು ತಿನ್ನುವುದನ್ನೇ ಬಿಡುತ್ತವಂತೆ. ಹುಳು ಸಾಕುವ ತಿಂಗಳಲ್ಲಿ ಒಗ್ಗರಣೆ ಸಹ ಹಾಕದ ಮನೆ ನಮ್ಮದು, ನಿಮ್ಮದೊಬ್ಬರದೇ ಹಟ ಎನ್ನಲಾರೆ. ನನ್ನ ಬೀಡಿಯ ದೆಸೆಯಿಂದ ನಾನಂತೂ ಹುಳುಮನೆಯ ಹೊಸ್ತಿಲು ತುಳಿದವನೇ ಅಲ್ಲ.

ಎಂಟನೆಯ ದಿನಕ್ಕೆ ಪಾದ ಕಪ್ಪಿಟ್ಟಿತು. ಇನ್ನೆರಡು ದಿನದಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟಬೇಕು. ಆಸ್ಪತ್ರೆಗೆ ಹೋದವರು ಮತ್ತೆ ಹುಳುಮನೆಗೆ ಕಾಲಿಡುವ ಹಾಗಿಲ್ಲ. ಆದ್ದರಿಂದ ಅಣ್ಣ ಹುಳುವಿನ ಹತ್ತಿರ ಉಳಿದ, ಹುಳುವಿಗೆ ಬೇಡವಾದ ನಾನು ನಿಮ್ಮ ಜೊತೆ ಹೊರಟೆ. ಗಾಡಿಯಲ್ಲಿ ನೀವು ನನ್ನ ಮುಂಗೈ ಹಿಡಿದು ಕೇಳಿದಿರಿ: "ಕಾಲು ತೆಗೀತೀನಿ ಅಂದ್ರೆ ಬಿಡಬೇಡ ಕಣಪ್ಪ, ನಾರಾಯಣಪ್ಪ. ಹುಳಿನ ತಟ್ಟೆ ಮುಂದೆ ನಿಲ್ಲಕ್ಕಾಗದೋಳು ಆ ಮನೇಲಿ ಏನು ಮಾಡ್ಲಿ?" ನಾನು ಆಗಲಿ ಎಂದೆ. ಏನೂ ಯೋಚಿಸದೆ ಎಂದೆ.

ಚಿಕ್ಕಬಳ್ಳಾಪುರದ ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಮೊಣಕಾಲ ಕೆಳಗೆ ಇವತ್ತೇ ತೆಗೆಯಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಎಂದು ಅವರು ಹೇಳಿದ್ದು ನನಗಲ್ಲ, ನಿಮಗೆ. ನೀವು ಅವರ ಮುಖ ನೋಡಿಯೇ ಉತ್ತರ ಕೊಟ್ಟಿರಿ: "ನನ್ನ ಕಾಲು ಸ್ವಾಮಿ ಇದು. ಬೇಡ ಅಂದ್ಮೇಲೆ ಬೇಡ." ಹಿಂದೆಯೇ, ಊರಿಗೆ ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದಿರಿ. ಅದು ಜ್ವರದ ಮಾತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಜ್ವರಕ್ಕೆ ಬಸ್ಸಿನ ಹೊತ್ತು ಯಾಕೆ ಬೇಕು ಅತ್ತಿಗೆ?

ಗಂಟೆ ಕಳೆಯುವಷ್ಟರಲ್ಲಿ ನಿಮಗೆ ಪ್ರಜ್ಞೆ ತಪ್ಪಿತು. ಡಾಕ್ಟರು ನನ್ನನ್ನು ಕರೆದು, ಆಕೆ ಬೇಡವೆಂದದ್ದನ್ನು ನಾನು ಕೇಳಿದ್ದೇನೆ, ಈಗ ಗಂಡ ಒಪ್ಪಿ ಬರೆದುಕೊಟ್ಟರೆ ಮಾತ್ರ ಕೈ ಹಚ್ಚುತ್ತೇನೆ ಎಂದರು. ಕಾಂಪೌಂಡರ್ ಕಾಗದ ಕೊಟ್ಟ. ಊರಿಗೆ ಹೋಗಿ ಅಣ್ಣನನ್ನು ಕರೆತರಲು ಸಂಜೆಯಾಗುತ್ತಿತ್ತು. ಅಣ್ಣ ಹೊರಗೆ ನಿಂತಿದ್ದಾನೆ ಎಂದು ಸುಳ್ಳು ಹೇಳಿ ಕಾಗದವನ್ನು ಜಗಲಿಗೆ ಒಯ್ದೆ. ಅಲ್ಲಿ ಯಾರಿದ್ದರು? ಮುನಿಶಾಮಪ್ಪ ಎಂದು ಅಣ್ಣನ ಹೆಸರನ್ನು ನಾನೇ ಬರೆದೆ. ಅವನಿಗೆ ರುಜು ಕಲಿಸಿದವನು ನಾನು, ಅದರ ಅಂಕುಡೊಂಕೆಲ್ಲ ನನ್ನ ಕೈಗೆ ಗೊತ್ತಿತ್ತು. ಮಸಿ ಆರಿಸಿ ಒಳಗೆ ಕೊಟ್ಟೆ.

ನಿಮಗೆ ಎಚ್ಚರವಾದಾಗ, ನಿಮ್ಮ ಯಜಮಾನರೇ ಬಂದು ರುಜು ಹಾಕಿದರಮ್ಮ ಎಂದ ಆ ಕಾಂಪೌಂಡರ್. ನಾನು ಬಾಗಿಲಲ್ಲೇ ನಿಂತಿದ್ದೆ. ಅಲ್ಲ ಎನ್ನಲು ಬಾಯಿ ಬರಲಿಲ್ಲ. ಕಾಲು ಮಾಗಿ ಮನೆಗೆ ಬಂದಾಗ ತಿಳಿಯಿತು, ಅರ್ಧಕ್ಕರ್ಧ ಹುಳು ಗೂಡು ಕಟ್ಟುವ ಮೊದಲೇ ಮೆತ್ತಗಾಗಿ ಸತ್ತಿದ್ದವು. ನೀವು ಅಲ್ಲೇ ತೀರ್ಮಾನಿಸಿಬಿಟ್ಟಿರಿ: ಗಂಡ ಆಸ್ಪತ್ರೆಗೆ ಬಂದು ಕಾಲನ್ನೂ ತೆಗೆಸಿದ, ಆ ವಾಸನೆ ಹೊತ್ತು ತಂದು ಹುಳುವನ್ನೂ ಸಾಯಿಸಿದ. ಅಣ್ಣ ಆ ವಾರವೆಲ್ಲ ಹಟ್ಟಿ ದಾಟಿರಲಿಲ್ಲ. ಹುಳು ಯಾಕೆ ಸತ್ತವೋ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ನೀವು ಅವನೊಂದಿಗೆ ಮಾತು ಬಿಟ್ಟಿರಿ. ಅವನು ಎದುರಿಗೇ ಕೂತಿದ್ದರೂ, ನಿಮ್ಮಣ್ಣನಿಗೆ ನೀರು ಕಾದಿದೆ ಎಂದು ಹೇಳು ಎಂದು ನನಗೆ ಹೇಳುತ್ತಿದ್ದಿರಿ. ತಡೆಯಲಾಗದೆ ಒಂದು ದಿನ, ನಿಜ ಹೇಳಿಬಿಡುತ್ತೇನೆ ಎಂದು ಅಣ್ಣನ ಮುಂದೆ ನಿಂತೆ. ಅವನು ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ನನ್ಮೇಲೆ ಕೋಪ ಬಂದ್ರೆ ಅವಳೆಲ್ಲಿಗೆ ಹೋಗ್ತಾಳೆ? ನಿನ್ಮೇಲೆ ಬಂದ್ರೆ ನೀನು ಮನೆ ಬಿಟ್ಟೋಗ್ತೀಯ. ಸುಮ್ನಿರಪ್ಪ." ನಾನು ಸುಮ್ಮನಾದೆ. ಸುಮ್ಮನಿರುವುದು ಸುಲಭವೂ ಆಗಿತ್ತು ಅತ್ತಿಗೆ, ನಾಚಿಕೆಯಾಗುತ್ತದೆ ಹೇಳಲು.

ನನ್ನ ಮಗಳು ನಿಮ್ಮ ಊರುಗೋಲು ಹಿಡಿದು ಮೊದಲ ಹೆಜ್ಜೆ ಇಟ್ಟ ದಿನ ನೀವು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ನಾನು ಮಾತು ಉಳಿಸಿಕೊಂಡಿದ್ದರೆ ಆ ನಗು ಎಲ್ಲಿರುತ್ತಿತ್ತು? ಹಾಗಂದುಕೊಂಡು ಸಮಾಧಾನ ಮಾಡಿಕೊಳ್ಳುವ ಹೊತ್ತಿಗೆ, ಹುಳುಮನೆಯ ಬಾಗಿಲಿಗೆ ಬೆನ್ನು ಹಾಕಿ ಗೂಡು ಆರಿಸುತ್ತಾ ಕೂತ ನೀವು ಕಣ್ಣ ಮುಂದೆ ಬರುತ್ತೀರಿ. ಬೇಡ ಎಂದವರು ನೀವೋ, ನಕ್ಕವರು ನೀವೋ? ಯಾರ ಮಾತು ಕೇಳಬೇಕಿತ್ತು ನಾನು?

ಮೊನ್ನೆ ಅಣ್ಣನಿಗೆ ಹೊಟ್ಟೆನೋವು ಬಂತು. ಆಸ್ಪತ್ರೆಗೆ ಕರೆದೊಯ್ದೆ. ಕರುಳು ತಿರುಚಿದೆ, ಕೂಡಲೇ ಕೊಯ್ಯಬೇಕು ಎಂದರು ಈಗಿನ ಡಾಕ್ಟರು, ಹುಡುಗರಂತಿದ್ದಾರೆ. ಅಣ್ಣ ಬೇಡವೆಂದ. ಡಾಕ್ಟರು ನನ್ನತ್ತ ತಿರುಗಿ, ನೀವು ತಮ್ಮ ತಾನೇ, ಒಪ್ಪಿಸಿ ಎಂದರು. ಬೇಡಿಕೊಂಡೆ, ಬೈದೆ, ಅತ್ತೆ. ಅಣ್ಣ ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡ. "ಅವಳ ಮಾತು ನೀನು ಕೇಳ್ಲಿಲ್ಲ. ನನ್ನ ಮಾತಾದ್ರೂ ಕೇಳಪ್ಪ."

ಬಾಡಿಗೆ ಕಾರಿನಲ್ಲಿ ಮನೆಗೆ ಕರೆತಂದೆ. ನಡುಮನೆಯಲ್ಲಿ ಮಲಗಿದ್ದಾನೆ, ನಾನು ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹತ್ತಿಯಲ್ಲಿ ತುಟಿ ಒದ್ದೆ ಮಾಡಿದರೆ ಕಣ್ಣು ತೆರೆಯುತ್ತಾನೆ. ನಿಮ್ಮ ಮಾತು ಮೀರಿದೆ, ನೀವು ಬದುಕಿದಿರಿ. ಅವನ ಮಾತು ಕೇಳಿದೆ, ಅವನು...

ಇವತ್ತೋ ನಾಳೆಯೋ ಅಲ್ಲಿಗೆ ಬರುತ್ತಾನೆ ಅತ್ತಿಗೆ. ಅವನಾಗಿ ಏನೂ ಹೇಳುವವನಲ್ಲ, ನಿಮಗೆ ಗೊತ್ತು. ನೀವೇ ಮೊದಲು ಮಾತಾಡಿಸಿ.

ನಿಮ್ಮ ಮೈದುನ,
ನಾರಾಯಣಪ್ಪ