ನನ್ನ ಕಾಲು ಸಾಕ್ಷಿ ಹೇಳಲಿಲ್ಲ

ಅಳಿಯ ಮಹಾಶಯನಿಗೆ ಸೋದರಮಾವನ ಆಶೀರ್ವಾದ.

ಹಳೆ ಬಟ್ಟೆ ವಿಂಗಡಿಸುವ ಗೋದಾಮಿನಲ್ಲಿ ಕೆಲಸ, ಅದರ ಅಟ್ಟದಲ್ಲೇ ನಮ್ಮೆಲ್ಲರ ವಾಸ. ಗಂಟುಗಳ ಜೊತೆ ಬರುವ ಚಿಗಟಗಳದ್ದೇ ಇಲ್ಲಿ ದರ್ಬಾರು. ಹಳಬರನ್ನು ಎಷ್ಟು ಕಚ್ಚಿದರೂ ಅವರ ಚರ್ಮದ ಮೇಲೆ ಏನೂ ಕಾಣುವುದಿಲ್ಲ. ಹೊಸಬನಾದ ನನಗೆ ಮಾತ್ರ ಹಿಮ್ಮಡಿಯಿಂದ ಮೊಣಕಾಲಿನವರೆಗೆ ಸಾಲುಸಾಲಾಗಿ ಕೆಂಪು ಗುಳ್ಳೆ ಎದ್ದವು. ನಿನ್ನ ಮಾವ ಎಲ್ಲಿ ಹೋದರೂ ಮೊದಲನೆಯವನೇ ಅಲ್ಲವೇ? ಬೇರೆ ಕೋಣೆ ಕೇಳಲು ಎಲ್ಲರೂ ಸೇರಿ ನನ್ನ ಕಾಲನ್ನೇ ಸಾಕ್ಷಿ ಮಾಡಿದರು. ನಾನೂ ಪ್ಯಾಂಟು ಮಡಚಿಕೊಂಡು ಮುಖಂಡನ ಹಾಗೆ ಓಡಾಡಿದೆ.

ಯಜಮಾನ ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ತಿಂಗಳುಗಟ್ಟಲೆ ಸತಾಯಿಸಿ ನಿನ್ನೆ ಬಂದ. ಅಷ್ಟರಲ್ಲಿ ಕಚ್ಚಿಸಿಕೊಂಡೂ ಕಚ್ಚಿಸಿಕೊಂಡೂ ನನ್ನ ಚರ್ಮವೂ ಒಗ್ಗಿಹೋಗಿತ್ತು. ತೋರಿಸಿದರೆ ಕಾಲು ಮದುಮಗನ ಕೆನ್ನೆಯ ಹಾಗೆ ನುಣ್ಣಗಿದೆ!

"ಎಲ್ಲಯ್ಯಾ ನಿನ್ನ ಚಿಗಟ? ಇಷ್ಟು ಚೆನ್ನಾಗಿ ಇಟ್ಕೊಂಡ್ರೂ ದೂರು ಹೇಳ್ತೀಯಲ್ಲ!" ಅಂದ. ಅವನ ಕಣ್ಣೆದುರೇ ಒಂದು ಕಚ್ಚಿ ಹಾರಿತು. ಎಷ್ಟು ಹೊತ್ತು ಕಾದರೂ ಗುಳ್ಳೆ ಏಳಲಿಲ್ಲ. ಅವನು ಇಳಿದು ಹೋದ.

"ಊರಿಂದ ಹೊಸ ಚರ್ಮದೋನ್ನ ಯಾರನ್ನಾದ್ರೂ ಕರೆಸಣ್ಣ, ಇನ್ನೊಂದ್ಸಲ ಕೇಳೋಣ," ಅಂತಾನೆ ಪಕ್ಕದ ಹಾಸಿಗೆಯವನು. ನೀನು ಬರುತ್ತೇನೆಂದು ಬರೆದಿದ್ದೆಯಲ್ಲ, ಬರಬೇಡ. ನಿನ್ನ ಅಮ್ಮನಿಗೆ ಮಾತ್ರ, ನಿನ್ನ ತಮ್ಮ ಆರಾಮಾಗಿದ್ದಾನೆ, ಮೈಮೇಲೆ ಒಂದು ಗುಳ್ಳೆಯೂ ಇಲ್ಲವಂತೆ ಎಂದು ಹೇಳು. ಸುಳ್ಳೇನಲ್ಲ.

ಕೆಳಗೆ ಗಂಟೆ ಬಾರಿಸುತ್ತಿದ್ದಾರೆ, ಹೊರಟೆ.

ನಿನ್ನ ಮಾವ